ಜಮಖಾನದ ಮೇಲೆ ಗಾಲ್ಫ್

ಧಾರವಾಡ ಸ್ಟೇಷನ್ನಿನಲ್ಲಿ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಕಾಯುತ್ತ ನಿಂತಾಗ, ನನ್ನ ಹೆಗಲಿನ ಉದ್ದನೆಯ ಚೀಲವನ್ನು ನೋಡಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ತಂಬೂರಿ ಏನ್ರಿ? ಎಲ್ಲಿ ಬೈಠಕ್ ಅದ?" ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಿನಲ್ಲಿ ಅಷ್ಟು ಉದ್ದದ ಗವಸು ಹಾಕಿದ ವಸ್ತು ತಂಬೂರಿಯೇ ಇರಬೇಕೆಂದು ಜನ ಊಹಿಸುವುದು ಸಹಜ. ಒಳಗಿರುವುದು ಗಾಲ್ಫ್ ಆಡುವ ಕೋಲುಗಳು ಎಂದು ತಿಳಿದ ಮೇಲೆ ಕೇಳಿದವರ ದನಿಯಲ್ಲಿದ್ದ ಗೌರವ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಮೊದಮೊದಲು ನನಗೆ ಇದರಿಂದ ಮುಜುಗರವಾಗುತ್ತಿತ್ತು. ಆದರೆ ಆಟವನ್ನೂ ಅಭ್ಯಾಸವನ್ನೂ ಕಲಸಿಕೊಂಡು ಎರಡನ್ನೂ ಕೆಡಿಸಿಕೊಂಡಿದ್ದ ನನಗೆ ದಾರಿ ಸಿಕ್ಕಿದ್ದು ಇಂಥದೇ ಒಂದು ವಿಚಾರಣೆಯಿಂದ ಶುರುವಾದ ಮಾತಿನಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ, ಕಚೇರಿ ಹುಬ್ಬಳ್ಳಿಯಲ್ಲಿ. ಐವತ್ತರ ಹತ್ತಿರ ಬರುವವರೆಗೂ ನಾನು ಗಾಲ್ಫನ್ನು ಟಿವಿಯಲ್ಲಿಯೂ ನೋಡಿದವನಲ್ಲ. 2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಟಿವಿ ಹಚ್ಚಿದಾಗ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆಂಬ ಸುದ್ದಿ ಬರುತ್ತಿತ್ತು. ನಿಯಮಗಳು ಏನೂ ತಿಳಿಯದಿದ್ದರೂ ಕೊನೆಯವರೆಗೆ ಕುಳಿತು ನೋಡಿದೆ. ಉಳಿದವರ ಹೊಡೆತ ಎಷ್ಟೋ ಮುಂದೆ ಹೋಗಿ ಬೀಳುತ್ತಿತ್ತು, ಈ ಹುಡುಗಿ ಹಿಂದಿನಿಂದ ಆಡಿಕೊಂಡು ಬಂದು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಮೇಲೆ, ಚೆಂಡನ್ನು ಸದ್ದಿಲ್ಲದೆ ಕುಳಿಗೆ ಉರುಳಿಸಿ ಅವರನ್ನು ಸರಿಗಟ್ಟುತ್ತಿದ್ದಳು. ಕೊನೆಗೆ ಕಂಚಿನ ಪದಕ ಒಂದೇ ಹೊಡೆತದಿಂದ ತಪ್ಪಿ ನಾಲ್ಕನೆಯ ಸ್ಥಾನ ಸಿಕ್ಕಿತು. ಶಕ್ತಿಯಲ್ಲಿ ಹಿಂದಿದ್ದವರು ಜಾಣತನದಲ್ಲಿ ಮುಂದೆ ಬರಬಹುದಾದ ಆಟ ಇದು ಎಂದರೆ ನನ್ನಂಥವನಿಗೂ ಇದರಲ್ಲಿ ಜಾಗ ಇದೆ ಎಂದು ಅನಿಸಿತು. ಆ ಲೆಕ್ಕದಲ್ಲಿ ಎಷ್ಟು ತಪ್ಪಿತ್ತೆಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು.

ತೆರಿಗೆಯ ಕೆಲಸಕ್ಕೆಂದು ನಾನು ತಿಂಗಳಿಗೊಮ್ಮೆಯಾದರೂ ಬೆಂಗಳೂರಿಗೆ ಹೋಗುತ್ತೇನೆ. ಅಲ್ಲಿನ ಒಬ್ಬ ಕಕ್ಷಿದಾರರು ಗಾಲ್ಫ್ ಕ್ಲಬ್ಬೊಂದರ ಸದಸ್ಯರಾಗಿದ್ದು, ಅವರ ಅತಿಥಿಯಾಗಿ 2022ರ ಜನವರಿಯಲ್ಲಿ ಮೊದಲ ಸಲ ಕೋರ್ಸಿಗೆ, ಅಂದರೆ ಆಟದ ಬಯಲಿಗೆ, ಇಳಿದೆ. ಆ ಒಂದು ವರ್ಷ ನನಗೆ ಏನೂ ಬರುತ್ತಿರಲಿಲ್ಲ, ಎಲ್ಲವೂ ಖುಷಿ ಕೊಡುತ್ತಿತ್ತು. ಬೆಳಗಿನ ಇಬ್ಬನಿಯಲ್ಲಿ ಚೆಂಡು ಎಳೆದುಕೊಂಡು ಹೋದ ಗೆರೆ, ಹತ್ತು ಕೆಟ್ಟ ಹೊಡೆತಗಳ ನಡುವೆ ಕೋಲಿನ ನಟ್ಟನಡುವೆ ಸಿಕ್ಕು ಕೈಗೆ ಭಾರವೇ ತಿಳಿಯದಂತೆ ಹಾರಿದ ಒಂದು ಹೊಡೆತ, ಒಂಬತ್ತು ಹೋಲ್ (ಹೊಡೆಯಲು ಶುರುಮಾಡುವ ಜಾಗದಿಂದ ಕುಳಿಯವರೆಗಿನ ಒಂದೊಂದು ಹಂತ) ಮುಗಿದ ಮೇಲಿನ ಆಮ್ಲೆಟ್ಟು ಇಷ್ಟೇ ನನಗೆ ನೆನಪಿದೆ. ಎಷ್ಟು ಹೊಡೆತವಾಯಿತೆಂದು ಎಣಿಸಿರಲೂ ಇಲ್ಲ.

ಎಣಿಸಲು ಶುರುಮಾಡಿದ್ದು 2023ರಲ್ಲಿ. ಒಬ್ಬ ತರಬೇತುದಾರರ ಬಳಿ ಆರು ಪಾಠ ಹೇಳಿಸಿಕೊಂಡೆ. ಕಚೇರಿಯ ಅಭ್ಯಾಸದಂತೆ ಕೆಂಪು ಬಟ್ಟೆಯ ರಟ್ಟಿನ ಒಂದು ಕೀರ್ದಿ ಪುಸ್ತಕ ತೆಗೆದು, ಪ್ರತಿ ಹೋಲಿಗೆ ಎಷ್ಟು ಹೊಡೆತ, ಅದರಲ್ಲಿ ಪಟ್ (ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಎಷ್ಟು, ಚೆಂಡು ಎಡಕ್ಕೆ ಹೋಯಿತೋ ಬಲಕ್ಕೋ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಕಾಲಮ್ಮು ಹಾಕಿ ಬರೆಯತೊಡಗಿದೆ. ಕುಂದಗೋಳದ ಕಡೆ ನಮ್ಮದು ನಾಲ್ಕೆಕರೆ ಎರೆಹೊಲವಿದೆ. ಅದನ್ನು ಲಾವಣಿಗೆ ಮಾಡುವವರು ನಮ್ಮ ತಂದೆಯವರ ಕಾಲದಿಂದ ಇದ್ದವರು, ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಫೆಬ್ರುವರಿಯಲ್ಲಿ ಕಡಲೆ ಕಿತ್ತು ಹೊಲ ಖಾಲಿಯಾದ ಕೂಡಲೇ ಪ್ರತಿ ಭಾನುವಾರ ಅಲ್ಲಿಗೆ ಹೋಗಿ, ಕಾಲೊರೆಸುವ ನಾರಿನ ಚಾಪೆ ಹಾಸಿ, ಅದರ ಮೇಲೆ ಚೆಂಡಿಟ್ಟು ಬದುವಿನಾಚೆಯ ಬೇವಿನ ಮರದ ಕಡೆಗೆ ಇನ್ನೂರು ಸಲ ಹೊಡೆಯುತ್ತಿದ್ದೆ.

ಎರೆಮಣ್ಣನ್ನು ಬಲ್ಲವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚಿನ ಬಿಸಿಲಿಗೆ ಹೊಲ ಬಾಯಿಬಿಡತೊಡಗುತ್ತದೆ. ಏಪ್ರಿಲಿಗೆ ಆ ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬುದು ನಿಯಮ. ಅಷ್ಟು ಗಾತ್ರದ ಚೆಂಡು ಹಿಡಿಸಲೆಂದೇ ಅಳೆದು ಸೀಳಿದಂತಿದ್ದವು ನಮ್ಮ ಹೊಲದ ಬಿರುಕುಗಳು. ಕಣ್ಣೆದುರಿಗೆ ನೆಟ್ಟಗೆ ಹಾರಿ, ನೆಲಕ್ಕೆ ಬಿದ್ದು, ಎರಡು ಸಲ ಪುಟಿದು ಮಾಯವಾಗುವ ಚೆಂಡನ್ನು ಹುಡುಕುತ್ತ ನಾನು ಬೊಗ್ಗಿ ನಡೆಯುವುದನ್ನು ಕಂಡು ಕಾಕಾ ಒಂದು ದಿನ, "ಯಾವ ತಳಿ ಬೀಜ ತಮ್ಮಾ ಇದು? ಇಷ್ಟ ಅಗಲಕ ಊರಾಕತ್ತೀ?" ಎಂದು ಕೇಳಿದರು.

ವರ್ಷದ ಮೊದಲರ್ಧದಲ್ಲಿ ಸುಧಾರಣೆ ಕಂಡದ್ದು ನಿಜ. ನೂರಾಹದಿನೈದು ಹೊಡೆತಗಳಲ್ಲಿ ಮುಗಿಯುತ್ತಿದ್ದ ಹದಿನೆಂಟು ಹೋಲಿನ ರೌಂಡು ನೂರರ ಆಸುಪಾಸಿಗೆ ಬಂದು ಅಲ್ಲಿಯೇ ನಿಂತಿತು. ನಿಂತದ್ದಕ್ಕೆ ಔಷಧವೆಂದು ನಾನು ಇನ್ನಷ್ಟು ಬರೆದೆ, ಇನ್ನಷ್ಟು ವಿಡಿಯೊ ನೋಡಿದೆ, ನೋಡಿದ್ದನ್ನೆಲ್ಲ ಕೋರ್ಸಿನಲ್ಲಿಯೇ ಪರೀಕ್ಷಿಸತೊಡಗಿದೆ. ಈ ಹುಚ್ಚು ಎಷ್ಟಕ್ಕೆ ಹೋಗಿತ್ತೆಂದರೆ, ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದನೆಯದು ಎಂದು ಊರೆಲ್ಲ ಹೆಮ್ಮೆಪಡುತ್ತಿದ್ದಾಗ, ನಾನು ಅದರ ಮೇಲೆ ನಿಂತು ಮೂರು ಪಾರ್-5 ಹೋಲುಗಳನ್ನು (ಐದು ಹೊಡೆತ ನಿಗದಿಯಾದ ಉದ್ದನೆಯ ಹೋಲುಗಳನ್ನು) ಸಾಲಾಗಿ ಇಟ್ಟಷ್ಟಾಯಿತು ಎಂದು ಲೆಕ್ಕ ಹಾಕುತ್ತಿದ್ದೆ.

2024ರ ಫೆಬ್ರುವರಿಯ ಒಂದು ಬೆಳಿಗ್ಗೆ ಎಲ್ಲವೂ ಕೈಬಿಟ್ಟಿತು. ಅದು ನೂರೈವತ್ತು ಗಜದ ಸಣ್ಣ ಹೋಲು, ಮುಂದೆ ಒಂದು ಕೆರೆ. ಹಿಂದಿನ ವರ್ಷ ಏನೂ ಯೋಚಿಸದೆ ಎಷ್ಟೋ ಸಲ ದಾಟಿಸಿದ್ದ ಕೆರೆ ಅದು. ಅಂದು ಕೋಲು ಹಿಡಿದು ನಿಂತಾಗ ಎಡಗೈ ನೆಟ್ಟಗಿರಬೇಕು, ಬಲ ಮೊಣಕೈ ಪಕ್ಕೆ ಬಿಡಬಾರದು, ತಲೆ ಅಲುಗಬಾರದು, ಭಾರ ಎಡಗಾಲಿಗೆ ಬರಬೇಕು, ಹಿಡಿತ ಸಡಿಲಿರಬೇಕು ಎಂದು ಐದು ಕಟ್ಟಳೆಗಳು ಒಟ್ಟಿಗೆ ನೆನಪಾದವು. ಐದನ್ನೂ ಪಾಲಿಸುವ ಪ್ರಯತ್ನದಲ್ಲಿ ಚೆಂಡು ನೀರಿಗೆ ಬಿತ್ತು. ಮತ್ತೊಂದು ಇಟ್ಟೆ, ಅದೂ ಬಿತ್ತು. ಮೂರನೆಯದು ನೀರಿಗೆ ಬಿದ್ದಾಗ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಹಿಂದಿನ ತಂಡದ ನಾಲ್ವರು ಕಾಯುತ್ತಿದ್ದರೂ ಪೆನ್ನಿನ ಟೋಪಿ ತೆಗೆದು, ಮೂರೂ ಹೊಡೆತಗಳ ವಿವರವನ್ನು ಕೀರ್ದಿಯಲ್ಲಿ ಬರೆಯಲು ನಿಂತೆ. ನನ್ನ ಚೀಲ ಹೊತ್ತ ಕ್ಯಾಡಿ ಸವಣೂರಿನ ಕಡೆಯ ಹುಡುಗ; ನಮ್ಮ ಸೀಮೆಯವನೆಂದು ಸಲಿಗೆಯಿಂದ ಮಾತಾಡುತ್ತಿದ್ದ. ಅವನು ದನಿ ತಗ್ಗಿಸಿ, "ಸರ, ಆಡಾಕ ಬಂದೀರೋ, ಜಮಾ-ಖರ್ಚ ಬರಿಯಾಕ ಬಂದೀರೋ?" ಎಂದ.

ಕ್ಯಾಡಿಯ ಮಾತಿಗಿಂತ ಹೆಚ್ಚು ನಾಟಿದ್ದು ನನ್ನನ್ನು ಕರೆದುಕೊಂಡು ಹೋದವರ ಮೌನ. ರೌಂಡಿನುದ್ದಕ್ಕೂ ಹರಟೆ ಹೊಡೆಯುವ ಅವರು ಅಂದು ಕೊನೆಯ ಐದು ಹೋಲುಗಳಲ್ಲಿ ಮಾತೇ ಆಡಲಿಲ್ಲ. ನಾನು ಅವರ ಒಂದಾದರೂ ಒಳ್ಳೆಯ ಹೊಡೆತವನ್ನು ನೋಡಿ ಹೊಗಳಿದ್ದೆನೇ ಎಂದು ರೈಲಿನಲ್ಲಿ ಮಲಗಿ ಯೋಚಿಸಿದರೆ ಒಂದೂ ನೆನಪಾಗಲಿಲ್ಲ. ನನ್ನ ಹೊಡೆತಗಳ ವಿವರ ನೂರು ಸಾಲು ಇತ್ತು. ಆಮೇಲೆ ಮೂರು ತಿಂಗಳು ಅವರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಚೀಲ ಅಟ್ಟ ಏರಿತು.

ಮೇ ತಿಂಗಳಲ್ಲಿ, ಕಚೇರಿಯಲ್ಲಿ ಕೆಲಸ ಕಡಿಮೆಯಿದ್ದ ಒಂದು ಮಧ್ಯಾಹ್ನ, ಆ ಕೀರ್ದಿಯನ್ನು ಪರರ ಲೆಕ್ಕ ತಪಾಸಣೆ ಮಾಡುವಂತೆ ಕುಳಿತು ನೋಡಿದೆ. ಆಟಗಾರನ ಮಟ್ಟಕ್ಕೆ ತಕ್ಕಂತೆ ಹೊಡೆತಗಳಲ್ಲಿ ರಿಯಾಯಿತಿ ಕೊಡುವ ಗಾಲ್ಫಿನ ಹ್ಯಾಂಡಿಕ್ಯಾಪ್ ಪದ್ಧತಿಯನ್ನು 2020ರಲ್ಲಿ ಜಗತ್ತಿಗೆಲ್ಲ ಒಂದೇ ಮಾಡಿದ್ದಾರೆ. ಆಡಿದ ಹೊಡೆತಗಳಿಂದ ಆ ಕೋರ್ಸಿನ ರೇಟಿಂಗ್ (ನುರಿತ ಆಟಗಾರನಿಗೆ ಅಲ್ಲಿ ಬೇಕಾಗಬಹುದಾದ ಹೊಡೆತಗಳು) ಕಳೆದು, ಬಂದದ್ದನ್ನು 113ರಿಂದ ಗುಣಿಸಿ, ಕೋರ್ಸಿನ ಸ್ಲೋಪ್ ಸಂಖ್ಯೆಯಿಂದ (ಸಾಧಾರಣ ಆಟಗಾರನಿಗೆ ಅದು ಎಷ್ಟು ಕಠಿಣವೆಂಬ ಅಳತೆಯಿಂದ) ಭಾಗಿಸಬೇಕು. ಉದಾಹರಣೆಗೆ ರೇಟಿಂಗ್ 70, ಸ್ಲೋಪ್ 120 ಇರುವ ಕೋರ್ಸಿನಲ್ಲಿ 98 ಹೊಡೆದರೆ 26.4 ಬರುತ್ತದೆ. ಹೀಗೆ ಕೊನೆಯ 20 ರೌಂಡುಗಳ ಅಂಕಿ ಬರೆದು, ಅದರಲ್ಲಿ ಅತ್ಯುತ್ತಮವಾದ 8ರ ಸರಾಸರಿ ತೆಗೆದರೆ ಅದೇ ಹ್ಯಾಂಡಿಕ್ಯಾಪ್ ಇಂಡೆಕ್ಸ್. ನಾನು ಯಾವ ಕ್ಲಬ್ಬಿನ ಸದಸ್ಯನೂ ಅಲ್ಲದ್ದರಿಂದ ನನ್ನದು ಅಧಿಕೃತವಲ್ಲ, ಮನೆಯ ಲೆಕ್ಕ. ಅದು 24 ಎಂದು ಬಂದಿತ್ತು.

ಇಲ್ಲಿಯೇ ನಾನು, ಲೆಕ್ಕವೇ ಹೊಟ್ಟೆಪಾಡಾದವನು, ಎಡವಿದ್ದೆ. 24 ಎಂದರೆ ನಾನು ದಿನವೂ ಆಡಬೇಕಾದ ಆಟ, ಅದಕ್ಕಿಂತ ಹೆಚ್ಚು ಹೊಡೆತ ಬಂದ ದಿನ ಸೋತ ದಿನ ಎಂದು ತಿಳಿದಿದ್ದೆ. ಆದರೆ ಅದು ಇಪ್ಪತ್ತರಲ್ಲಿ ಕೆಟ್ಟ ಹನ್ನೆರಡನ್ನು ಬಿಟ್ಟು ತೆಗೆದ ಸರಾಸರಿ. ಒಬ್ಬ ಆಟಗಾರನ ಒಳ್ಳೆಯ ದಿನ ಹೇಗಿರುತ್ತದೆಂದು ತೋರಿಸುವ ಸಂಖ್ಯೆಯೇ ಹೊರತು ಅವನ ಸಾಮಾನ್ಯ ದಿನದ್ದಲ್ಲ. ನನ್ನ ಇಪ್ಪತ್ತೂ ರೌಂಡುಗಳ ಸರಾಸರಿ ತೆಗೆದು ನೋಡಿದೆ, 29 ಬಂತು. 24 ಅಥವಾ ಅದಕ್ಕಿಂತ ಚೆನ್ನಾಗಿ ಆಡಿದ್ದು ನಾಲ್ಕೇ ಸಲ. ಅಂದರೆ ಇಪ್ಪತ್ತು ಬೆಳಗುಗಳಲ್ಲಿ ಹದಿನಾರನ್ನು ನಾನೇ ನನ್ನ ಪುಸ್ತಕದಲ್ಲಿ ನಷ್ಟವೆಂದು ಬರೆದುಕೊಂಡು, ಮೋರೆ ಇಳಿಬಿಟ್ಟು ಊರಿಗೆ ಬಂದಿದ್ದೆ. ಅಂಗಡಿಯ ದೀಪಾವಳಿ ವಾರದ ಗಲ್ಲೆಯನ್ನು ವರ್ಷದ ಪ್ರತಿ ವಾರವೂ ನಿರೀಕ್ಷಿಸುವ ವ್ಯಾಪಾರಿಗೆ ನಾನು ಬುದ್ಧಿ ಹೇಳುತ್ತಿದ್ದೆ. ನನಗೆ ಹೇಳುವವರು ಯಾರೂ ಇರಲಿಲ್ಲ.

ಚೀಲ ಅಟ್ಟದಿಂದ ಇಳಿಯಿತು. ಆದರೆ ಜೂನ್ ಬಂದಿತ್ತು. ಹೊಲದಲ್ಲಿ ಹೆಸರು ಬಿತ್ತಿದ್ದರು, ಮಳೆ ಹಿಡಿದ ಎರೆನೆಲದಲ್ಲಿ ಕಾಲಿಟ್ಟರೆ ಬೂಟು ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ಅಭ್ಯಾಸ ಮನೆಯೊಳಗೆ ಬಂತು. ನಮ್ಮ ನಡುಮನೆಯಲ್ಲಿ ಅಜ್ಜಿಯ ಕಾಲದ ಒಂದು ನವಲಗುಂದದ ಜಮಖಾನ ಇದೆ. ಒಂದು ತುದಿಯಲ್ಲಿ ನವಿಲುಗಳು, ನಡುವೆ ಪಗಡೆಯ ಮನೆಗಳು. ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ಕೈಯಿಂದ ಬಿಗಿಯಾಗಿ ಕೂಡಿಸಿದ ಆ ನೇಯ್ಗೆಯ ಮೇಲೆ ಚೆಂಡು ಓಲಾಡದೆ ಉರುಳುತ್ತದೆ. ಗಾಲ್ಫಿನ ಕುಳಿಯ ಬಾಯಿ 108 ಮಿಲಿಮೀಟರ್; ನಾನು ಅದಕ್ಕಿಂತ ಚಿಕ್ಕದಾದ, ಮೂರಿಂಚು ಬಾಯಿಯ ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಪಟ್ ಮಾಡತೊಡಗಿದೆ. ಚೆಂಡು ಲೋಟದ ತಳಕ್ಕೆ ತಾಗಿದಾಗ ಬರುವ ಟಣ್ ಎಂಬ ಸದ್ದು ಅಕ್ಕಪಕ್ಕದವರಿಗೂ ಪರಿಚಿತವಾಯಿತು.

ಅಭ್ಯಾಸದ ರೀತಿಯನ್ನೂ ಬದಲಿಸಿದೆ. ಮೊದಲು ಒಂದೇ ಜಾಗದಿಂದ ಐವತ್ತು ಸಲ ಹೊಡೆಯುತ್ತಿದ್ದೆ. ಹತ್ತನೆಯದರ ನಂತರ ಎಲ್ಲವೂ ಒಳಗೆ ಹೋಗುತ್ತಿದ್ದವು, ಕಲಿತೆನೆಂಬ ಹಿಗ್ಗಾಗುತ್ತಿತ್ತು, ಕೋರ್ಸಿನಲ್ಲಿ ಒಂದೂ ಹೋಗುತ್ತಿರಲಿಲ್ಲ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಕೈಚಳಕದ ಕೆಲಸಗಳ ಮೇಲೆ ನಡೆಸಿದ ಪ್ರಯೋಗವೊಂದರ ಬಗ್ಗೆ ಓದಿದಾಗ ಕಾರಣ ತಿಳಿಯಿತು. ಒಂದೇ ಬಗೆಯನ್ನು ಒಟ್ಟಿಗೆ ತಿದ್ದಿದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿ ಕಾಣುತ್ತಾರೆ. ಬಗೆಬಗೆಯವನ್ನು ಕಲಸಿ ತಿದ್ದಿದವರು ಆಗ ತಡವರಿಸಿದರೂ ಕೆಲ ದಿನಗಳ ಮೇಲೆ ಪರೀಕ್ಷಿಸಿದಾಗ ಮುಂದಿರುತ್ತಾರೆ. ಆದ್ದರಿಂದ ಒಂದು ಪಟ್ ನವಿಲಿನ ಕಾಲಿನಿಂದ, ಮುಂದಿನದು ಪಗಡೆಯ ಮೂಲೆಮನೆಯಿಂದ, ಅದರ ಮುಂದಿನದು ಜಮಖಾನದ ಅಂಚಿನ ಕುಚ್ಚಿನ ಹತ್ತಿರದಿಂದ ಎಂದು ಪ್ರತಿ ಸಲವೂ ಜಾಗ ಬದಲಿಸಿದೆ. ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಹೊಡೆತದ ಮೇಲೆಯೇ ಪ್ರಯೋಗ ಮಾಡಿ, ತನ್ನ ತೋಳಿನ ಮೇಲೆ ಗಮನವಿಟ್ಟವರಿಗಿಂತ ಕೋಲಿನ ಓಟದ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರೆಂದು ಕಂಡಿದ್ದರು. ಕೆರೆಯ ಮುಂದೆ ನನ್ನನ್ನು ಕಟ್ಟಿಹಾಕಿದ ಐದು ಕಟ್ಟಳೆಗಳೂ ಮೈಗೆ ಸಂಬಂಧಿಸಿದವೇ ಆಗಿದ್ದವು. ಅವನ್ನೆಲ್ಲ ಕೀರ್ದಿಯಲ್ಲಿಯೇ ಮುಚ್ಚಿಟ್ಟೆ. ಇನ್ನೊಂದು ಸಂಗತಿಯೂ ಸಮಾಧಾನ ಕೊಟ್ಟಿತು: ಅಮೆರಿಕದ ಪಿಜಿಎ ಟೂರಿನ ವೃತ್ತಿಪರರು ಕೂಡ ಎಂಟು ಅಡಿಯ ಪಟ್ಟನ್ನು ಹೆಚ್ಚುಕಡಿಮೆ ಎರಡಕ್ಕೆ ಒಂದರಂತೆ ಮಾತ್ರ ಹಾಕುತ್ತಾರೆ. ಎಂಟಡಿಯಿಂದ ತಪ್ಪಿದಾಗಲೆಲ್ಲ ನಾನು ಕೋಲಿಗೆ ಬೈಯುತ್ತಿದ್ದೆ.

ಆ ಮಳೆಗಾಲದಲ್ಲಿ ಒಂದು ಅನಿರೀಕ್ಷಿತ ಸಂಗತಿ ನಡೆಯಿತು. ಅಭ್ಯಾಸವೇ ಖುಷಿ ಕೊಡತೊಡಗಿತು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ದೀಪದ ಬೆಳಕಿನಲ್ಲಿ ನವಿಲಿನಿಂದ ಹೊರಟು ಲೋಟಕ್ಕೆ ಹೋಗುವ ಚೆಂಡು, ಗೋಡೆಗೊರಗಿ ಕುಳಿತು ಸೊಪ್ಪು ಸೋಸುತ್ತ ಎಣಿಸುವ ಹೆಂಡತಿ. "ಜಮಖಾನಾ ಒಂದ ಪಟ್ಟಿ ಸವದು ಹೋಗೇದ ನೋಡ್ರಿ. ಆ ಕಡಿಂದನೂ ಒಂದಿಷ್ಟ ಹೊಡೀರಿ, ಸಮಾ ಸವೀಲಿ" ಎಂದು ಅವಳು ಹೇಳಿದ್ದೂ ಆಗಲೇ.

ಆದರೆ ಕೋರ್ಸಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ಪ್ರಶ್ನೆ ಉಳಿದಿತ್ತು. ಆಟವನ್ನು ಸುಮ್ಮನೆ ಆನಂದಿಸಿದರೆ ಸುಧಾರಣೆ ತಾನಾಗಿ ಬರುತ್ತದೆ ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಒಳಗೆ ಪಟ್ ಮಾತ್ರ ತಿದ್ದಿಕೊಂಡು, ನಾಲ್ಕು ತಿಂಗಳು ಒಂದೂ ಪೂರ್ತಿ ಹೊಡೆತ ಹೊಡೆಯದೆ 2024ರ ಅಕ್ಟೋಬರಿನಲ್ಲಿ ಕೋರ್ಸಿಗೆ ಹೋದಾಗ ಚೆಂಡು ಹೆಜ್ಜೆಹೆಜ್ಜೆಗೂ ನೆಲ ಕಚ್ಚಿತು. ಮನಸ್ಸು ಎಷ್ಟೇ ಹಗುರವಾಗಿದ್ದರೂ ಹದಿನೆಂಟು ಹೋಲು ಹುಲ್ಲಿನಲ್ಲಿ ಚೆಂಡು ಹುಡುಕುವುದರಲ್ಲಿ ಯಾವ ಆನಂದವೂ ಇಲ್ಲ. ಅಂದು ಕೂಡ ಹಳೆಯ ಚಾಳಿಯಂತೆ ಆರನೆಯ ಹೋಲಿನಲ್ಲಿ ಹಿಡಿತ ಬದಲಿಸಿ ನೋಡಿದೆ, ಹತ್ತರಲ್ಲಿ ನಿಲುವು ಬದಲಿಸಿದೆ.

ನವೆಂಬರಿನಲ್ಲಿ ಬೆಂಗಳೂರಿಗೆ ಹೊರಟಾಗ ಚೀಲ ನೋಡಿ "ತಂಬೂರಿ ಏನ್ರಿ?" ಎಂದು ಕೇಳಿದವರು ಎದುರಿನ ಬರ್ತಿನ ಹಿರಿಯ ಗಾಯಕರು. ವಿಷಯ ತಿಳಿದ ಮೇಲೆ ನಕ್ಕು, ಈ ಆಟಕ್ಕೂ ರಿಯಾಜು ಬೇಕೇನು ಎಂದು ವಿಚಾರಿಸಿದರು. ನಾನು ನನ್ನ ತೊಂದರೆ ಹೇಳಿಕೊಂಡೆ. ಅವರು ಉಪದೇಶವನ್ನೇನೂ ಮಾಡಲಿಲ್ಲ, ತಮ್ಮ ಕ್ರಮ ಹೇಳಿದರು: "ಬೈಠಕ್ ಇದ್ದ ದಿನ ಮುಂಜಾನೆ ಬರೇ ಖರ್ಜ ಹಚ್ಚತೀನಿ. ಹೊಸಾ ತಾನ, ಕಲೀಲಿಕ್ಕೆ ಹತ್ತಿದ ಚೀಜು ಮುಟ್ಟೂದಿಲ್ಲ. ಅವತ್ತ ಗಂಟಲಾ ಏನ ಕೊಡತದ ಅದನ್ನ ತೊಗೊಂಡು ಹಾಡೂದು." ಮಂದ್ರದ ಷಡ್ಜದ ಮೇಲೆ ಕೂತುಕೊಂಡು ದನಿ ಹದ ಮಾಡಿಕೊಳ್ಳುವ ಈ ಪದ್ಧತಿಯನ್ನು ಧಾರವಾಡದವನಾಗಿ ನಾನು ಕೇಳಿದ್ದೇನೆ, ನನ್ನ ಚೀಲಕ್ಕೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಅಂದಿನಿಂದ ಆಟದ ದಿನ ನನ್ನ ಖರ್ಜವೆಂದರೆ ವೆಜ್ (wedge) ಎಂಬ ಗಿಡ್ಡ ಕೋಲಿನಿಂದ ಹತ್ತು ಸಣ್ಣ ಹೊಡೆತ, ಆರು ಪಟ್. ಆ ಬೆಳಿಗ್ಗೆ ಚೆಂಡು ಬಲಕ್ಕೆ ತಿರುಗುತ್ತಿದ್ದರೆ ಅದನ್ನು ತಿದ್ದಲು ಹೋಗುವುದಿಲ್ಲ, ಎಡಕ್ಕೆ ಗುರಿಯಿಟ್ಟು ಆಡುತ್ತೇನೆ. ಬಲಕ್ಕೇಕೆ ತಿರುಗಿತೆಂಬ ವಿಚಾರಣೆ ಭಾನುವಾರ ಹೊಲದಲ್ಲಿ. ಕೀರ್ದಿಯನ್ನು ಕೋರ್ಸಿಗೆ ಒಯ್ಯುವುದಿಲ್ಲ. ರೈಲಿನಲ್ಲಿ ನೆನಪಿದ್ದಷ್ಟನ್ನು ನಾಲ್ಕು ಸಾಲು ಬರೆಯುತ್ತೇನೆ, ಅದರಲ್ಲಿ ಒಂದು ಸಾಲು ಜೊತೆಗಾರರ ಒಂದು ಒಳ್ಳೆಯ ಹೊಡೆತಕ್ಕೆ ಮೀಸಲು. ನನ್ನ ಕಕ್ಷಿದಾರರಿಗೆ ತಪ್ಪೊಪ್ಪಿಕೊಂಡಾಗ ಅವರೇ ಸ್ಟೇಬಲ್‌ಫರ್ಡ್ ಪದ್ಧತಿಯಲ್ಲಿ ಆಡೋಣ ಎಂದರು. ಇಂಗ್ಲೆಂಡಿನ ವೈದ್ಯ ಫ್ರಾಂಕ್ ಸ್ಟೇಬಲ್‌ಫರ್ಡ್ ರೂಪಿಸಿ 1932ರಲ್ಲಿ ವಾಲಸಿ ಕ್ಲಬ್ಬಿನಲ್ಲಿ ಆಡಿಸಿದ ಪದ್ಧತಿ ಅದು. ಹ್ಯಾಂಡಿಕ್ಯಾಪಿನ ರಿಯಾಯಿತಿ ಕಳೆದು ಪಾರ್, ಅಂದರೆ ಆ ಹೋಲಿಗೆ ನಿಗದಿಯಾದಷ್ಟೇ ಹೊಡೆತ, ಬಂದರೆ ಎರಡು ಅಂಕ, ಒಂದು ಹೆಚ್ಚಾದರೆ ಒಂದು, ಅದಕ್ಕೂ ಹೆಚ್ಚಾದರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲವಾದ್ದರಿಂದ ಮೂರು ಚೆಂಡು ಕೆರೆಗೆ ಹಾಕುವ ಪ್ರಸಂಗವೇ ಬರುವುದಿಲ್ಲ. ಒಂದು ಬಿದ್ದ ಮೇಲೆ ಹೋಲು ಬಿಟ್ಟುಕೊಟ್ಟು ಮುಂದೆ ನಡೆಯಬಹುದು. ನಷ್ಟಕ್ಕೆ ಮಿತಿ ಹಾಕುವ ಇಂಥ ವ್ಯವಸ್ಥೆಯನ್ನು ಒಬ್ಬ ವೈದ್ಯರು ಮಾಡಿದರು, ಲೆಕ್ಕಪರಿಶೋಧಕರು ಮಾಡಲಿಲ್ಲ ಎಂಬುದು ನನ್ನ ವೃತ್ತಿಗೆ ಅಷ್ಟೇನೂ ಶೋಭೆ ತರುವಂಥದಲ್ಲ.

ಫೆಬ್ರುವರಿಯಿಂದ ಮೇವರೆಗೆ ಭಾನುವಾರಗಳು ಹೊಲದಲ್ಲಿ ಕಳೆಯುತ್ತವೆ, ಆದರೆ ಇನ್ನೂರಲ್ಲ, ಅರವತ್ತು ಚೆಂಡು, ಪ್ರತಿಯೊಂದಕ್ಕೂ ಕೋಲು ಬೇರೆ, ಗುರಿ ಬೇರೆ. ಮನೆಯ ಲೆಕ್ಕದ ಹ್ಯಾಂಡಿಕ್ಯಾಪ್ 24ರಿಂದ 22ಕ್ಕೆ ಬಂದಿದೆ, ಅಲ್ಲಿಯೇ ಇದೆ. ಅದನ್ನು ಇಪ್ಪತ್ತರ ಕೆಳಗೆ ತರುವ ಆಸೆ ಹೋಗಿಲ್ಲ. ಕೆಲವು ಸಲ ಹನ್ನೆರಡನೆಯ ಹೋಲಿನ ಹೊತ್ತಿಗೆ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗುತ್ತದೆ. ಸವಣೂರಿನ ಹುಡುಗ ಅದನ್ನು ಕಂಡರೆ ಕೆಮ್ಮುತ್ತಾನೆ.

2025ರ ಜೂನಿನಲ್ಲಿ ಮುಂಗಾರು ಮಳೆಗೆ ಬಿರುಕು ಮುಚ್ಚಿ ನೆಲ ಹದಕ್ಕೆ ಬಂದಾಗ ಕಾಕಾ ಹೊಲ ಹರಗಿದರು. ಆ ಸಂಜೆ ಮನೆಗೆ ಬಂದು, ಟವೆಲ್ಲಿನ ಗಂಟು ಬಿಚ್ಚಿ ಕಟ್ಟೆಯ ಮೇಲೆ ಸುರಿದರು. ಕುಂಟೆಗೆ ಸಿಕ್ಕ ಹದಿನೇಳು ಚೆಂಡುಗಳು, ಒಂದೊಂದಕ್ಕೂ ಎರೆಮಣ್ಣಿನ ಕವಚ. "ಎರಡ ವರ್ಷ ಆತು ತಮ್ಮಾ, ಒಂದೂ ನಾಟಿಲ್ಲ. ಮುಂದಿನ ಸಲ ತಳೀನರ ಬದಲಿ ಮಾಡು" ಎಂದು ಹೇಳಿ ಚಹಾಕ್ಕೆ ಕುಳಿತರು. ಹೆಂಡತಿ ಬಕೆಟ್ಟಿನಲ್ಲಿ ನೀರು ತಂದಿಟ್ಟಳು. ತೊಳೆದಾಗ ಹನ್ನೊಂದು ಆಡಲು ಬರುವಂತಿದ್ದವು. ಕುಂಟೆಯ ಕುಡ ತಾಗಿ ಸೀಳಿದ್ದ ಆರನ್ನು ಆ ಕೆರೆಯ ಹೋಲಿಗೆಂದು ಬೇರೆ ತೆಗೆದಿಟ್ಟಿದ್ದೇನೆ.